ಅಡುಗೆಗೂ ಮನೆಮದ್ದಿಗೂ ಒದಗುವ ಗಿಡಗಳು: ಮೊದಲು ಯಾವುದನ್ನು ನೆಡುವುದು?

ಅಡುಗೆಗೂ ಆಗಬೇಕು, ನೆಗಡಿ ಕೆಮ್ಮಿಗೂ ಒದಗಬೇಕು, ಅಂಥ ಹಳೆಯ ಗಿಡಗಳಲ್ಲಿ ಯಾವುದರಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಮದ್ದಿನ ಪಟ್ಟಿ ಹಿಡಿದು ನರ್ಸರಿಗೆ ಹೋಗಬೇಡಿ. ಮನೆಯವರು ವಾರಕ್ಕೊಮ್ಮೆಯಾದರೂ ಖುಷಿಯಿಂದ ತಿನ್ನುವಂಥದ್ದನ್ನೇ ನೆಡಿ. ಕೊಯ್ಯುತ್ತಿದ್ದರೆ ಸೊಪ್ಪಿನ ಗಿಡ ಚಿಗುರುತ್ತದೆ, ಬಿಟ್ಟರೆ ಬಲಿತು ನಾರಾಗುತ್ತದೆ.

ನಾನಾದರೆ ದೊಡ್ಡಪತ್ರೆಗೆ ಮೊದಲ ಕುಂಡ ಕೊಡುತ್ತೇನೆ. ಗೇಣುದ್ದದ ಕಾಂಡವನ್ನು ಮುರಿದು ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಎಲೆ, ಕಾಂಡಗಳಲ್ಲೇ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ನೀವು ನೀರು ಹಾಕಲು ಮರೆತರೂ ಬದುಕುತ್ತದೆ. ದಿನವೂ ಸುರಿದರೆ ಕೊಳೆಯುತ್ತದೆ. ಅದರ ಘಾಟಿಗೆ ಕಾರಣ ಕಾರ್ವಕ್ರಾಲ್, ಥೈಮಾಲ್ ಎಂಬ ತೈಲಾಂಶಗಳು. ಓಮದ ವಾಸನೆಯೂ ಥೈಮಾಲ್‌ನದೇ.

ಒಂದೆಲಗದ ಸ್ವಭಾವ ಇದಕ್ಕೆ ತದ್ವಿರುದ್ಧ. ಅದಕ್ಕೆ ಅರೆನೆರಳು ಬೇಕು, ಮಣ್ಣು ಸದಾ ತೇವವಾಗಿರಬೇಕು. ನೆಲದ ಮೇಲೆ ಹಬ್ಬುತ್ತಾ ಗೆಣ್ಣುಗೆಣ್ಣಿಗೂ ಬೇರೂರುವ ಗಿಡವಾದ್ದರಿಂದ ಆಳದ ಕುಂಡಕ್ಕಿಂತ ಅಗಲವಾದ ತಟ್ಟೆಯೇ ಮೇಲು. ಹಸಿಯಾಗಿ ತಿನ್ನುವ ಸೊಪ್ಪು ಇದು, ಮಣ್ಣಿನಲ್ಲಿರುವ ಸೀಸದಂಥ ವಿಷಕಾರಿ ಭಾರಲೋಹಗಳನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ಚರಂಡಿಯ ಬದಿಯಲ್ಲಿ ಎಷ್ಟೇ ಸೊಂಪಾಗಿ ಬೆಳೆದಿದ್ದರೂ ಅತ್ತ ಕೈ ಚಾಚಬೇಡಿ.

ತಾಳ್ಮೆ ಇದ್ದರೆ ಅರಿಶಿನವನ್ನೂ ನೆಡಿ. ಎಲೆಗಳು ಹಳದಿಯಾಗಿ ಒಣಗುವವರೆಗೆ, ಅಂದರೆ ಸುಮಾರು 8–9 ತಿಂಗಳು, ಕಾಯಬೇಕು. ಅದಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಅಂಶ ತಾನಾಗಿ ದೇಹಕ್ಕೆ ಹತ್ತುವುದು ಬಹಳ ಕಡಿಮೆ. ಕಾಳುಮೆಣಸು ಜೊತೆಯಾದರೆ ಹೆಚ್ಚು ಹತ್ತುತ್ತದೆ.

ಮದ್ದಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜಿಪುಣ. ಊಟದಲ್ಲಿ ಸೇರುವ ಪ್ರಮಾಣದಲ್ಲಿ ಈ ಸೊಪ್ಪುಗಳನ್ನು ನಿಶ್ಚಿಂತೆಯಿಂದ ತಿನ್ನುತ್ತೇನೆ, ಗಂಟಲು ಕೆರೆದಾಗ ದೊಡ್ಡಪತ್ರೆಯನ್ನು ಕುದಿಸಿ ಕುಡಿಯುತ್ತೇನೆ. ಆದರೆ ದಿನವೂ ಲೋಟಗಟ್ಟಲೆ ಕಷಾಯ ಕುಡಿಯುವುದು ಬೇರೆಯೇ ವ್ಯವಹಾರ. ಅಮೃತಬಳ್ಳಿಯನ್ನು ಹಾಗೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದು ವರದಿಯಾಗಿದೆ. ಲೋಳೆಸರದ ಸಿಪ್ಪೆಯ ಕೆಳಗೆ ಒಸರುವ ಹಳದಿ ರಸ ತೀಕ್ಷ್ಣ ಭೇದಿಕಾರಕ. ಅದನ್ನು ಪೂರ್ತಿ ತೊಳೆಯದೆ ತಿರುಳನ್ನು ಬಾಯಿಗಿಡಬಾರದು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಬಸಳೆಯನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಒಂದು ಹಂಬು ನೆಟ್ಟು ಚಪ್ಪರ ಕೊಟ್ಟರೆ ಸಾಕು, ಇಡೀ ಮನೆಗೆ ಸೊಪ್ಪು. ಕಲ್ಲು ಕಟ್ಟಲು ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶ ಹೆಚ್ಚಿರುವ ಸೊಪ್ಪಾದ್ದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವವರು ಮಿತವಾಗಿ ತಿನ್ನಲಿ, ಬೇಯಿಸಿದ ನೀರನ್ನು ಚೆಲ್ಲಲಿ.