ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ

ಬಸವೇಶ್ವರನಗರದ ಓದುಗರೊಬ್ಬರು ಆರು ಪುಟ ಬರೆದಿದ್ದಾರೆ. ‘ಹೆಸರು ಹಾಕಬೇಡಿ, ಅಮ್ಮ ನಿಮ್ಮ ಪತ್ರಿಕೆ ತಪ್ಪದೆ ಓದುತ್ತಾರೆ’ ಎಂದು ಮೊದಲ ಸಾಲಿನಲ್ಲೇ ಹೇಳಿರುವುದರಿಂದ ಹೆಸರು ಬಿಟ್ಟಿದ್ದೇನೆ. ಪತ್ರದ ಸಾರ ಇಷ್ಟು. ಅವರಿಗೀಗ 36 ವರ್ಷ. ಅಮ್ಮ ನಿವೃತ್ತ ಹೈಸ್ಕೂಲ್ ಟೀಚರ್. ಗಂಜಿ ಹಾಕಿದ ಕಾಟನ್ ಸೀರೆ, ಮೊಣಕೈವರೆಗಿನ ರವಿಕೆ; ಇಟ್ಟಿಗೆ, ಬೂದಿ, ಕಾಫಿ ಬಣ್ಣ ಬಿಟ್ಟು ಬೇರೆ ಉಟ್ಟವರಲ್ಲ. ಮಗಳಿಗೂ ಚಿಕ್ಕಂದಿನಿಂದ ಅದೇ. ಗುಲಾಬಿ ಬಣ್ಣ ಕೇಳಿದರೆ ‘ನಿನ್ನ ಮೈಬಣ್ಣಕ್ಕೆ ಒಪ್ಪಲ್ಲ’, ಮಿಂಚು ಕೇಳಿದರೆ ‘ನಾಟಕದವರ ಥರ ಕಾಣ್ತೀಯ’. ಕೈಗೆ ಸಂಬಳ ಬಂದ ಮೇಲೆ ತನಗೆ ಬೇಕಾದ್ದನ್ನೇ ಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದರು. ಕಳೆದ ತಿಂಗಳು ಬೀರು ಖಾಲಿ ಮಾಡಿ ಮಂಚದ ಮೇಲೆ ಹರಡಿದಾಗ ನೋಡಿದರೆ, 14 ಕುರ್ತಾಗಳಲ್ಲಿ 9 ಇಟ್ಟಿಗೆ, ಬೂದಿ, ಕಾಫಿ! ಇದು ಸಾಲದೆಂಬಂತೆ 11 ವರ್ಷದ ಮಗಳು ಅಂಗಡಿಯಲ್ಲಿ ಮಿಂಚಿನ ಫ್ರಾಕು ಎತ್ತಿಕೊಂಡಾಗ ‘ನಾಟಕದವರ ಥರ’ ಎಂಬ ಅದೇ ಮಾತು ಇವರ ಬಾಯಿಂದಲೂ ಬಂದುಬಿಟ್ಟಿತಂತೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಗಾದೆ ಕಟ್ಟಿದವರ ಮೇಲೆ ನನಗೆ ಸಿಟ್ಟಿದೆ. ಇದು ಸಂಸ್ಕಾರವೋ ಸಂಕೋಲೆಯೋ, ನೀವೇ ಹೇಳಿ’ ಎಂದು ಮುಗಿಸಿದ್ದಾರೆ.

ಸಂಪಾದಕರ ಉತ್ತರ:

ತಂಗೀ, ಸಂಸ್ಕಾರ, ಸಂಕೋಲೆ ಅಂತ ಪ್ರಾಸ ಹಾಕಿದ್ದೀರಿ. ಪ್ರಾಸಕ್ಕೆ ಪೂರ್ತಿ ಅಂಕ, ಪ್ರಶ್ನೆಗೆ ಅರ್ಧ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ‘ನಿನ್ನ ಮೈಬಣ್ಣಕ್ಕೆ ಒಪ್ಪಲ್ಲ’ ಎಂಬ ಮಾತು ತಪ್ಪು, ಯಾವ ತಾಯಿ ಆಡಿದರೂ ತಪ್ಪು. ಅದು ಬಟ್ಟೆಯ ಮಾತಲ್ಲ, ಹೆಣ್ಣು ನೋಡಲು ಬರುವವರ ಮಾತು. ತಾಯಂದಿರ ಬಾಯಿಗೆ ಹೇಗೋ ಬಂದು ಕೂತಿದೆ. ಕಪ್ಪು ಮೈಗೆ ಗುಲಾಬಿ ಬಣ್ಣ ಎಷ್ಟು ಒಪ್ಪುತ್ತದೆ ಎಂದು ನೋಡಬೇಕಿದ್ದರೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನ ಹೂವಾಡಗಿತ್ತಿಯರನ್ನು ನೋಡಿ. ಈ ವಿಷಯದಲ್ಲಿ ನಾನು ನಿಮ್ಮ ಕಡೆ. ಆಯಿತಲ್ಲ? ಇನ್ನು ನಿಮ್ಮ ಅಮ್ಮನ ಕಡೆ ಹೋಗುತ್ತೇನೆ. ಅಲ್ಲಿ ನನಗೆ ಹೇಳುವುದು ಜಾಸ್ತಿ ಇದೆ.

ನಮ್ಮದು ಚಾಮರಾಜಪೇಟೆಯ ವಠಾರ. ಗೌರಿ ಹಬ್ಬ ಇನ್ನು ಎರಡು ವಾರ ಇದೆ ಎನ್ನುವಾಗ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಮಾರ್ಕೆಟ್ ದಾಟಿ ಚಿಕ್ಕಪೇಟೆಗೆ ನಡೆಯುವಳು. ಅಕ್ಕ ಕಲಿಯುವುದಕ್ಕೆ, ನಾನು ಚೀಲ ಹಿಡಿಯುವುದಕ್ಕೆ. ಚಪ್ಪಲಿ ಬಿಟ್ಟು ಬಿಳಿ ಹಾಸಿನ ಮೇಲೆ ಕೂತರೆ ಅಂಗಡಿಯವನು ಸೀರೆ ಮೇಲೆ ಸೀರೆ ಬಿಚ್ಚಿ ಎಸೆಯುವನು. ಅಮ್ಮನ ಕಣ್ಣು ಮೇಲ್ಮೈಗೆ ಹೋಗುತ್ತಲೇ ಇರಲಿಲ್ಲ. ಸೆರಗು ತಿರುಗಿಸಿ ಹಿಂಬದಿ ನೋಡುವಳು. ಬುಟ್ಟಾದ ಹಿಂದೆ ನೂಲು ಜೋತಾಡುತ್ತಿದ್ದರೆ ಬಳೆಗೋ ಕಾಲುಂಗುರಕ್ಕೋ ಸಿಕ್ಕಿಕೊಳ್ಳುತ್ತದೆ ಎಂದು ಪಕ್ಕಕ್ಕಿಡುವಳು. ಮುಷ್ಟಿಯಲ್ಲಿ ಹಿಸುಕಿ ಬಿಟ್ಟು ಸುಕ್ಕು ಎಷ್ಟು ಹೊತ್ತು ನಿಲ್ಲುತ್ತದೆ ನೋಡುವಳು. ಅಂಚನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗುವಳು. ಕೊನೆಗೊಂದು ಒಪ್ಪಿಗೆಯಾಯಿತೆನ್ನಿ, ಅದರ ಸೆರಗು ಹಿಡಿದುಕೊಂಡೇ ಎದ್ದು ಬೀದಿಗೆ ಹೊರಡುವಳು.

‘ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡ ಕಣೇ, ಒಳಗೆ ನೇರಳೆ ಕಂಡದ್ದು ಹೊರಗೆ ಬದನೆಕಾಯಿ ಆಗಿರುತ್ತೆ.’

ಚಿಕ್ಕಪೇಟೆಯ ಸಂದಿಗಳಲ್ಲಿ ಬಿಸಿಲು ಬೀಳುವುದೇ ಅಪರೂಪ. ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ತುದಿ ಅಂಗಡಿ ಹುಡುಗನ ಕೈಯಲ್ಲಿ, ಇಬ್ಬರೂ ಬಿಸಿಲು ಹುಡುಕಿಕೊಂಡು ಮೂಲೆಯ ತನಕ ಹೋಗುತ್ತಿದ್ದರು. ಸೈಕಲ್ಲಿನವರು ತಲೆ ಬಗ್ಗಿಸಿ ಸೀರೆಯ ಕೆಳಗೆ ನುಸುಳಿ ಹೋಗುತ್ತಿದ್ದರು. ನನಗೆ ನಾಚಿಕೆಯಿಂದ ಪ್ರಾಣ ಹೋಗುತ್ತಿತ್ತು. ಅಕ್ಕ ಮಾತ್ರ ಅಮ್ಮನ ಪಕ್ಕ ಕಣ್ಣು ಕಿರಿದು ಮಾಡಿ ನಿಂತಿರುತ್ತಿದ್ದಳು. ಅಲ್ಲಿಂದ ಸೀರೆಗೆ ಒಪ್ಪುವ ರವಿಕೆ ಬಟ್ಟೆಗೆ ಮ್ಯಾಚಿಂಗ್ ಸೆಂಟರು. ಟೂ ಬೈ ಟೂ ರುಬಿಯಾ ಎಂಬ ರವಿಕೆ ಬಟ್ಟೆಯ 40 ಥಾನು ಇಳಿಸಿ ಮತ್ತೆ ಬೀದಿ, ಮತ್ತೆ ಬಿಸಿಲು. ಅಂಗಡಿಯವರು ಬೈಯುತ್ತಿರಲಿಲ್ಲವೇ? ಬೈಯುತ್ತಿದ್ದರು, ನಾವು ಹೋದ ಮೇಲೆ.

ಅಕ್ಕನಿಗೀಗ 60 ದಾಟಿದೆ. ಅಮ್ಮ ಉಟ್ಟ ಒಂದೇ ಒಂದು ಬಣ್ಣವೂ ಅವಳ ಬೀರುವಿನಲ್ಲಿಲ್ಲ. ಅಮ್ಮನದು ಕಣ್ಣಿಗೆ ತಂಪಾದ ಬಣ್ಣಗಳು. ಇವಳದು ಗಿಳಿಹಸಿರು, ಕನಕಾಂಬರ, ಜೀನ್ಸು ಬೇರೆ. ಆದರೆ ಮೊಮ್ಮಗಳ ಸ್ವೆಟರ್ ಕೊಂಡರೂ ಮೊದಲು ಒಳಗು ಹೊರಗು ಮಾಡಿ ಹೊಲಿಗೆ ನೋಡುತ್ತಾಳೆ. ತಾಯಿಯಿಂದ ಬಂದದ್ದು ಯಾವುದು, ಬಾರದ್ದು ಯಾವುದು, ಹೇಳಿ? ನೀವು ಬಣ್ಣ ಎಣಿಸುತ್ತಾ ಕೂತಿದ್ದೀರಿ.

ಗಾದೆಯ ಮೇಲೆ ಸಿಟ್ಟು ಅಂದಿರಲ್ಲ. ಗಾದೆ ಕಟ್ಟಿದವರು ನೇಕಾರರ ನೆರೆಹೊರೆಯವರೇ ಇರಬೇಕು, ‘ಬಣ್ಣದಂತೆ ಸೀರೆ’ ಅನ್ನಲಿಲ್ಲ, ‘ನೂಲಿನಂತೆ ಸೀರೆ’ ಅಂದರು. ಮತ್ತೆ ನೂಲು ಒಂದೇ ಇದ್ದರೂ ಸೀರೆ ಒಂದೇ ಆಗಬೇಕಿಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್‌ಲೆಂಡಿನಿಂದ 32 ಮಗ್ಗ ತರಿಸಿ ಮೈಸೂರಿನಲ್ಲಿ ರೇಷ್ಮೆ ಕಾರ್ಖಾನೆ ಶುರು ಮಾಡಿದರಲ್ಲ, ಅಲ್ಲಿಂದ ಬರುವ ಮೈಸೂರು ಸಿಲ್ಕಿಗೂ ಕಾಂಚೀಪುರದ ಸೀರೆಗೂ ಹುಳ ಒಂದೇ, ಹಿಪ್ಪುನೇರಳೆ ಸೊಪ್ಪು ಒಂದೇ. ಬೇರೆಯಾಗುವುದು ಹುರಿಯಲ್ಲಿ, ಅಂದರೆ ನೂಲನ್ನು ತಿರುಚುವ ಬಗೆಯಲ್ಲಿ. ಮೈಸೂರಿನದು ಕ್ರೇಪ್. ಹೊಕ್ಕಿನ, ಅಂದರೆ ಅಡ್ಡ ನೇಯುವ ಎಳೆಗಳಲ್ಲಿ ಕೆಲವನ್ನು ಬಲಕ್ಕೆ, ಕೆಲವನ್ನು ಎಡಕ್ಕೆ ಬಿಗಿಯಾಗಿ ಹುರಿ ಮಾಡಿ ನೇಯುತ್ತಾರೆ. ಆಮೇಲೆ ಸೋಪಿನ ನೀರಲ್ಲಿ ಕುದಿಸಿ ರೇಷ್ಮೆಯ ಅಂಟು ಹೋದಾಗ ಆ ಎಳೆಗಳು ಬಿಚ್ಚಿಕೊಳ್ಳಲು ಹವಣಿಸಿ ಮುದುಡುತ್ತವೆ; ಕೈಗೆ ಸಿಗುವ ಆ ಸಣ್ಣ ತರಿ, ಆ ಜಾರಿ ಬೀಳುವ ಗುಣ ಅಲ್ಲಿಂದ. ಕಾಂಚೀಪುರದ್ದು ನೆಟ್ಟಗೆ ನಿಲ್ಲುತ್ತದೆ, ನೆರಿಗೆ ಹಿಡಿದಲ್ಲಿ ಹಿಡಿದ ಹಾಗೆ. ನಿಮ್ಮ ಅಮ್ಮ ನಿಮಗೆ ನೂಲು ಕೊಟ್ಟರು. ಹುರಿ ಅವರು ಹಾಕಿದ್ದಲ್ಲ.

ವಠಾರದಲ್ಲಿ ನಮ್ಮ ಎದುರುಮನೆಯ ಹುಬ್ಬಳ್ಳಿ ಕಡೆಯ ಅಜ್ಜಿ ಉಡುತ್ತಿದ್ದದ್ದು ಇಳಕಲ್ ಸೀರೆ ಮಾತ್ರ. ಒಡಲು ಹತ್ತಿ, ಸೆರಗು ರೇಷ್ಮೆ, ಮಗ್ಗದ ಮೇಲೇ ಒಡಲಿನ ಉದ್ದೆಳೆಗಳಿಗೆ ಸೆರಗಿನ ಉದ್ದೆಳೆಗಳನ್ನು ಕುಣಿಕೆ ಕುಣಿಕೆಯಾಗಿ ಕೂಡಿಸುತ್ತಾರೆ. ಅಜ್ಜಿಯ ಮಗಳು ಬ್ಯಾಂಕಿನಲ್ಲಿದ್ದಳು, ಉಡುತ್ತಿದ್ದದ್ದು ಆ ಕಾಲದ ಗಾರ್ಡನ್ ಕಂಪನಿಯ ಸಿಂಥೆಟಿಕ್ ಸೀರೆ, ಒಗೆದು ಒದರಿದರೆ ಒಣಗುವಂಥದ್ದು. ಅಜ್ಜಿ ಅದನ್ನು ‘ಪ್ಲಾಸ್ಟಿಕ್ಕು’ ಎನ್ನುತ್ತಿದ್ದಳು. ಆದರೂ ಆ ಮಗಳು ಇಳಕಲ್ ಸೀರೆಗೆ ತೊಡುವ ಖಣದ ಕುಪ್ಪಸವನ್ನೇ ಆ ಪ್ಲಾಸ್ಟಿಕ್ಕಿಗೂ ಹಾಕಿಕೊಂಡು ಬ್ಯಾಂಕಿಗೆ ಹೋಗುತ್ತಿದ್ದಳು. ಈಗ ಮಾಲುಗಳಲ್ಲಿ ಅದನ್ನೇ ಫ್ಯೂಷನ್ ಅಂತ ಮಾರುತ್ತಾರೆ ಎಂದು ನನ್ನ ಮಗಳು ಹೇಳಿದಳು.

ಪ್ಲಾಸ್ಟಿಕ್ಕು ಅಂದಾಗ ನೆನಪಾಯಿತು. ಅಮ್ಮ ರೇಷ್ಮೆ ಅಂತ ಕೊಂಡ ಯಾವುದನ್ನೂ ಪರೀಕ್ಷೆ ಮಾಡದೆ ಬೀರುವಿಗೆ ಇಡುತ್ತಿರಲಿಲ್ಲ. ತುದಿಯ ಒಂದೆಳೆ ಕಿತ್ತು ಸ್ಟವ್ವಿಗೆ ಹಿಡಿಯುವಳು. ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ಹಾಗಿದ್ದರೆ ಹತ್ತಿ. ಕರಗಿ ಗಟ್ಟಿ ಮಣಿಯಾಗಿ ಕೂತರೆ ಪಾಲಿಯೆಸ್ಟರ್, ಮಾರನೇ ದಿನ ಅಂಗಡಿಯಲ್ಲಿ ಜಗಳ. ಈಗ ನಾವು ಫೋನಿನಲ್ಲಿ ಸೀರೆ ಕೊಳ್ಳುತ್ತೇವೆ. ಹೆಸರಿನಲ್ಲಿ ಸಿಲ್ಕ್ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಪಾಲಿ ಅಂತ ಇನ್ನೇನೋ ಇರುತ್ತದೆ. ಬಣ್ಣ ಬೇರೆ ಬಂದರೆ ವಾಪಸು ಕಳಿಸುತ್ತೇವೆ, ಬಟ್ಟೆಯೇ ಬೇರೆ ಬಂದರೆ ಉಟ್ಟುಕೊಳ್ಳುತ್ತೇವೆ.

ಅಕ್ಕನ ಲಂಗದ ಮಾತು ಹೇಳದೆ ಮುಂದೆ ಹೋಗಲಾರೆ. ಅಮ್ಮನ ಹಳೆಯ ಸೀರೆ ಕತ್ತರಿಸಿ ಹೊಲಿಸಿದ ಲಂಗಕ್ಕೆ ಕೆಳಗೆ ಮೂರು ಮಡಿಕೆ ಇರುತ್ತಿತ್ತು. ಪ್ರತಿ ಯುಗಾದಿಗೆ ಒಂದು ಮಡಿಕೆ ಬಿಚ್ಚುವುದು. ಬಿಚ್ಚಿದಲ್ಲಿ ಬಿಸಿಲು ಕಾಣದ ಬಟ್ಟೆ ಗಾಢವಾಗಿ ಒಂದು ಪಟ್ಟಿ ಉಳಿಯುತ್ತಿತ್ತು. ಮೂರನೆಯ ವರ್ಷ ಅಕ್ಕನ ಲಂಗದಲ್ಲಿ ಮೂರು ಪಟ್ಟಿ. ಸ್ಕೂಲಿನಲ್ಲಿ ಎಲ್ಲ ಹುಡುಗಿಯರ ಲಂಗದಲ್ಲೂ ಪಟ್ಟಿ ಇರುತ್ತಿದ್ದರಿಂದ ಯಾರೂ ಯಾರನ್ನೂ ಆಡಿಕೊಳ್ಳುತ್ತಿರಲಿಲ್ಲ. ಲಂಗ ಗಿಡ್ಡವಾದ ಮೇಲೆ ದಿಂಬಿನ ಕವರು, ಅದಾದ ಮೇಲೆ ನನ್ನ ಸೈಕಲ್ ಒರೆಸುವ ಬಟ್ಟೆ. ಟೈಲರಿಗೆ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು: ‘ಒಳಗೆ ಎರಡು ಬೆರಳು ಬಟ್ಟೆ ಬಿಡಪ್ಪ.’ ಈಗಿನ ರೆಡಿಮೇಡಿನಲ್ಲಿ ಒಳಗೆ ಬಟ್ಟೆ ಬಿಡುವುದಿಲ್ಲ. ನೀವು ಎರಡು ಕೆಜಿ ದಪ್ಪಗಾದರೆ ತಪ್ಪು ನಿಮ್ಮದು, ಹೊಸದು ಕೊಳ್ಳಿ.

ಇಷ್ಟಕ್ಕೂ ಬಟ್ಟೆ ಬಲ್ಲವರು ಈ ಊರಲ್ಲಿ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಮನೆಯ ಕೆಳಗೆ ಬಾಡಿಗೆಗಿದ್ದ ಹೆಣ್ಣುಮಗಳೊಬ್ಬಳು ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ನನ್ನ ಮಗಳು 3,200 ರೂಪಾಯಿ ಕೊಟ್ಟು ತಂದ ಕುರ್ತಾ ತೋರಿಸಿದಾಗ, ಹೊರಗಿನ ಕಸೂತಿಯನ್ನು ಕಣ್ಣೆತ್ತಿಯೂ ನೋಡದೆ ಒಳಗು ಹೊರಗು ಮಾಡಿ, ಬಗಲಿನ ಹತ್ತಿರ ಉಗುರು ಆಡಿಸಿ, ‘ಅಕ್ಕಾ, ಓವರ್‌ಲಾಕ್ ಹೊಲಿಗೆ ತಪ್ಪಿದೆ, ಇದು ನಮ್ಮಲ್ಲಾದ್ರೆ ರಿಜೆಕ್ಟು’ ಅಂದಳು. ನಾಲ್ಕು ಸೆಕೆಂಡು ಹಿಡಿದಿರಬೇಕು. ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ, ಹೊಸೂರು ರಸ್ತೆಯಲ್ಲಿ ಇಂಥ ಕಣ್ಣು ಲಕ್ಷಗಟ್ಟಲೆ ಇವೆ, ಬಹುಪಾಲು ಹೆಣ್ಣುಮಕ್ಕಳವು, ನೋಡುವುದು ಮಾತ್ರ ವಿದೇಶದವರ ಅಂಗಿ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯುವ ನಿಯಮ ಬದಲಿಸಿದ್ದಕ್ಕೆ ಅವರು ರಸ್ತೆಗಿಳಿದಾಗ ಸರ್ಕಾರ ನಿಯಮ ವಾಪಸು ತೆಗೆದುಕೊಂಡಿತು. ಅವರೂ ಈ ಊರಲ್ಲಿದ್ದಾರೆ ಎಂದು ಮಿಕ್ಕವರಿಗೆ ಗೊತ್ತಾದದ್ದು ಟ್ರಾಫಿಕ್ ನಿಂತಾಗ.

ಊರೇ ಹಾಗಾಗಿದೆ ಬಿಡಿ. ಬಿನ್ನಿ ಮಿಲ್ ರಸ್ತೆ ಇದೆ, ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟು. ಟಾಟಾ ಸಿಲ್ಕ್ ಫಾರಂ ಅಂತ ಬಡಾವಣೆ ಇದೆ. ಜಮ್‌ಷೆಟ್‌ಜಿ ಟಾಟಾ ಅಲ್ಲಿ ಜಪಾನಿನವರನ್ನು ಕರೆಸಿ ರೇಷ್ಮೆ ಸಾಕಣೆ ಮಾಡಿಸಿದ್ದರು ಎಂದರೆ ಅಲ್ಲಿರುವವರೇ ಹೌದಾ ಅನ್ನುತ್ತಾರೆ. ಚಿಕ್ಕಪೇಟೆಗೆ ಈಗ ಮೆಟ್ರೋ ಹೋಗುತ್ತದೆ, ನೆಲದ ಕೆಳಗೆ. ಅಲ್ಲಂತೂ ಬಿಸಿಲಿನ ಮಾತೇ ಇಲ್ಲ.

ಬೇರೆಯವರನ್ನು ಬೈಯುವ ಮೊದಲು ನನ್ನದೂ ಒಂದು ಹೇಳಿಬಿಡುತ್ತೇನೆ. ಅಮ್ಮ ತೀರಿಕೊಂಡ ವರ್ಷ ಮನೆ ಖಾಲಿ ಮಾಡುವಾಗ ಟ್ರಂಕಿನ ತಳದಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಸೀರೆಯೊಂದು ಸಿಕ್ಕಿತು. ಮಡಿಕೆಯಲ್ಲಿ ಬಿರುಕು ಬಿಟ್ಟಿತ್ತು. ಅದೇ ಹೊತ್ತಿಗೆ ಬೀದಿಯಲ್ಲಿ ‘ಹಳೇ ಜರಿ ಸೀರೆ’ ಎಂದು ಕೂಗು ಬಂತು. ಉಡಲು ಬಾರದ ಸೀರೆ, ಅವನು ಜರಿ ಸುಟ್ಟು ಬೆಳ್ಳಿ ತೆಗೆಯುತ್ತಾನೆ, ಇರಲಿ ಅಂತ ಕೊಟ್ಟುಬಿಟ್ಟೆ. ಸಂಜೆ ಅಕ್ಕ ಬಂದು ಕೇಳಿದಳು. ಅದು ಅಮ್ಮನ ಧಾರೆ ಸೀರೆ. ಅಕ್ಕ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆ ಸೀರೆಯನ್ನು ಅವಳು ಒಮ್ಮೆಯೂ ಉಟ್ಟಿರಲಿಲ್ಲ, ಬಣ್ಣವೂ ಅವಳಿಗೆ ಹಿಡಿಸುತ್ತಿರಲಿಲ್ಲ. ಆದರೆ ವರ್ಷಕ್ಕೆರಡು ಸಲ ತವರಿಗೆ ಬಂದಾಗ ಅದನ್ನು ನೆರಳಲ್ಲಿ ಹರಡಿ, ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಿ ಇಡುತ್ತಿದ್ದವಳು ಅವಳೇ ಎಂದು ನನಗೆ ಆಗಲೇ ಗೊತ್ತಾದದ್ದು.

ಈಗ ನಿಮ್ಮ ಮಂಚದ ಮೇಲಿನ ಕುರ್ತಾಗಳಿಗೆ ಬರೋಣ. ಸಾಲಾಗಿ ಹರಡಿ, ಎಣಿಸಿ, ಲೆಕ್ಕ ಬರೆದಿದ್ದೀರಲ್ಲ, ಅಲ್ಲೇ ನೀವು ಟೀಚರ ಮಗಳು ಅಂತ ಗೊತ್ತಾಗುತ್ತದೆ. ಆದರೆ ಲೆಕ್ಕ ಪೂರ್ತಿ ಮಾಡಿಲ್ಲ. 14ರಲ್ಲಿ 9 ಕಳೆದರೆ 5 ಉಳಿಯುತ್ತದೆ. ಆ ಐದು ಯಾವ ಬಣ್ಣ? ಆರು ಪುಟದಲ್ಲಿ ಒಂದಕ್ಷರವಿಲ್ಲ. ಅದರಲ್ಲಿ ಒಂದಾದರೂ ಗುಲಾಬಿ ಇದ್ದೇ ಇದೆ ಎಂದು ನನ್ನ ಗುಮಾನಿ. ಅದನ್ನು ತೊಟ್ಟು ಅಮ್ಮನ ಮುಂದೆ ಹೋಗಿ ನಿಲ್ಲಿ. ಅವರು ಬಣ್ಣಕ್ಕೆ ಮುಖ ಸಿಂಡರಿಸಬಹುದು. ಕೈ ಮಾತ್ರ ತಾನಾಗಿ ನಿಮ್ಮ ತೋಳಿನ ಅಂಚು ತಿರುಗಿಸಿ ಹೊಲಿಗೆ ನೋಡುತ್ತದೆ.

ಮಗಳಿಗೆ ಆ ಮಿಂಚಿನ ಫ್ರಾಕು ಕೊಡಿಸಿ. ಕೊಡಿಸುವ ಮೊದಲು ಅವಳ ಕೈಯಲ್ಲೇ ಒಳಗು ಹೊರಗು ಮಾಡಿಸಿ. ಮಿಂಚಿನ ಹಿಂದೆ ಲೈನಿಂಗ್ ಇಲ್ಲದಿದ್ದರೆ ಮೈಯೆಲ್ಲ ಗೀರಿ ಅರ್ಧ ಗಂಟೆಯಲ್ಲಿ ಬಿಚ್ಚಿ ಎಸೆಯುತ್ತಾಳೆ, ನೀವು ಬೇಡ ಅನ್ನಬೇಕಾಗಿಯೇ ಇಲ್ಲ.

ಹೋದ ದೀಪಾವಳಿಗೆ ನನ್ನ ಮಗಳ ಜೊತೆ ಒಂದು ಮಾಲಿಗೆ ಹೋಗಿದ್ದೆ, ಹಳೆಯ ಕೆಲಸಕ್ಕೇ, ಚೀಲ ಹಿಡಿಯಲು. ಅವಳು ಅಜ್ಜಿಯ ಜೊತೆ ಚಿಕ್ಕಪೇಟೆಗೆ ಹೋಗಿದ್ದು ಬಾಲ್ಯದಲ್ಲಿ ಎರಡೋ ಮೂರೋ ಸಲ. ದುಪಟ್ಟಾವೊಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು, ಹಿಸುಕಿದಳು, ಆಮೇಲೆ ಏನೂ ಹೇಳದೆ ಅದರ ತುದಿ ಹಿಡಿದುಕೊಂಡು ಬಾಗಿಲ ಕಡೆ ನಡೆದೇಬಿಟ್ಟಳು. ಬಾಗಿಲಲ್ಲಿದ್ದ ಯಂತ್ರ ಕುಯ್ ಎಂದು ಕೂಗಿತು. ಸೆಕ್ಯುರಿಟಿಯವನು ಓಡಿಬಂದ. ಇವಳು ಹೊಸ್ತಿಲಲ್ಲೇ ನಿಂತು ಮೇಲೆ ನೋಡಿದಳು. ಹೊರಗೂ ಸಾಲು ಸಾಲು ಲೈಟು, ನಾಲ್ಕು ಮಹಡಿ ಆಚೆ ಎಲ್ಲೋ ಆಕಾಶ.

‘ಬಣ್ಣ ನೋಡ್ಬೇಕಿತ್ತು’ ಅಂದಳು.

‘ಒಳಗೇ ನೋಡಿ ಮೇಡಂ, ಎಲ್ಲಾ ಕಡೆ ಒಂದೇ ಲೈಟು’ ಅಂದ ಅವನು.