ಶನಿವಾರದ ಬಾರ್, ಮನೆಯ ಕ್ವಾರ್ಟರ್

(2022ರ ಫೆಬ್ರವರಿ ಆರಂಭದ ಪ್ರಶ್ನೋತ್ತರ)

ಪ್ರಶ್ನೆ: ನನಗೆ 46 ವರ್ಷ. ಗೋಣಿಕೊಪ್ಪದಿಂದ 9 ಕಿಲೋಮೀಟರ್ ಒಳಗೆ ಸಣ್ಣ ಕಾಫಿ ತೋಟ. ಕೊರೊನಾಕ್ಕೆ ಮುಂಚೆ ಶನಿವಾರ ಸಂಜೆ ಎಂದರೆ ನಾವು ಐವರು ಸ್ನೇಹಿತರು ಪೇಟೆಯ ಅದೇ ಬಾರಿನ ಅದೇ ಕ್ಯಾಬಿನ್‌ನಲ್ಲಿ. ಈಗ ಎರಡು ವರ್ಷದಿಂದ ಆ ಕಡೆ ತಲೆ ಹಾಕಿಲ್ಲ. ಕಳೆದ ಮೇ ತಿಂಗಳಲ್ಲಿ ನಮ್ಮಲ್ಲೊಬ್ಬ ಕೊರೊನಾದಿಂದ ತೀರಿಕೊಂಡ. ಜನವರಿ 31ರಿಂದ ರಾತ್ರಿ ಕರ್ಫ್ಯೂ ತೆಗೆದು ಬಾರುಗಳಲ್ಲಿ ಪೂರ್ತಿ ಸೀಟಿಗೆ ಬಿಟ್ಟಿದ್ದಾರೆ. ಉಳಿದ ಮೂವರದ್ದು ದಿನಾ ಫೋನು: ‘ಬಾ ಮಾರಾಯ, ಇನ್ನೆಷ್ಟು ದಿನ ಹೆದರ್ತೀಯ?’ ನನಗೆ ಲಸಿಕೆಯ ಎರಡೂ ಡೋಸ್ ಆಗಿದೆ. ಆದರೆ ಮನೆಯಲ್ಲಿ 74ರ ಅವ್ವ ಇದ್ದಾರೆ, ಉಬ್ಬಸದವರು. ಅವರ ಎರಡನೇ ಡೋಸ್ ಆಗಿದ್ದು ಕಳೆದ ಮೇ 12ಕ್ಕೆ. ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ. ನನಗಿರುವುದು ಹೆದರಿಕೆಯೋ, ಹೋಗುವ ಮನಸ್ಸೇ ಇಲ್ಲವೋ, ಅದೂ ಗೊತ್ತಾಗುತ್ತಿಲ್ಲ. ಸದ್ಯಕ್ಕೆ ರಾತ್ರಿ ಮನೆಯಲ್ಲೇ ಒಬ್ಬನೇ ಒಂದು ಕ್ವಾರ್ಟರ್ ಮುಗಿಸಿ ಮಲಗುತ್ತೇನೆ, ಅದರಿಂದ ಯಾರಿಗೂ ತೊಂದರೆ ಇಲ್ಲ. ಏನು ಮಾಡಲಿ?
– ಹೆಸರು ಬೇಡ, ದಕ್ಷಿಣ ಕೊಡಗು

ಉತ್ತರ: ಹೋಗಬಹುದು. ಆದರೆ ಆ ಕ್ಯಾಬಿನ್‌ಗಲ್ಲ, ಶನಿವಾರವಲ್ಲ, ಈ ವಾರವಂತೂ ಅಲ್ಲ. ನಿಮ್ಮ ಪತ್ರದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಬಾರಿನ ಸುದ್ದಿಯಲ್ಲ, ‘ಯಾರಿಗೂ ತೊಂದರೆ ಇಲ್ಲ’ ಎಂಬ ಕೊನೆಯ ಮಾತು. ಅದಕ್ಕೆ ಆಮೇಲೆ ಬರುತ್ತೇವೆ.

ಮೊದಲು ಗಾಳಿಯ ವಿಷಯ. ಬಾರಿನವರು ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟು, ಟೇಬಲ್ ಒರೆಸಿ, ಹಣೆಗೆ ಥರ್ಮಾಮೀಟರ್ ಹಿಡಿದರೆ ಎಲ್ಲ ಮುಗಿಯಿತು ಅಂದುಕೊಳ್ಳುವವರು ಇನ್ನೂ ಇದ್ದಾರೆ. ಈ ಸೋಂಕು ಮುಖ್ಯವಾಗಿ ಹರಡುವುದು ಉಸಿರಿನಿಂದ. ಗಾಳಿಯಾಡದ ಕೋಣೆಯಲ್ಲಿ ಸೋಂಕಿತನ ಉಸಿರಿನ ಸೂಕ್ಷ್ಮ ಹನಿಗಳು ಬಹಳ ಹೊತ್ತು ತೇಲುತ್ತಿರುತ್ತವೆ. ಮೆಲ್ಲಗೆ ಮಾತಾಡುವಾಗ ಹೊರಬರುವುದಕ್ಕಿಂತ ಗಟ್ಟಿಯಾಗಿ ಮಾತಾಡುವಾಗ, ನಗುವಾಗ, ಹಾಡುವಾಗ ಹಲವು ಪಟ್ಟು ಹೆಚ್ಚು ಹನಿ ಹೊರಬರುತ್ತವೆ. ಎರಡನೇ ರೌಂಡ್ ಆದ ಮೇಲೆ ಯಾವ ಟೇಬಲ್ಲಿನಲ್ಲಿ ತಾನೆ ಮೆಲ್ಲಗೆ ಮಾತಾಡುತ್ತಾರೆ? ಜೊತೆಗೆ ಟಿವಿಯಲ್ಲಿ ಕ್ರಿಕೆಟ್ ಇದ್ದರೆ ಕೇಳುವುದೇ ಬೇಡ. ಬಾಯಿಗೆ ಲೋಟ ಹೋಗಬೇಕಾದ ಜಾಗದಲ್ಲಿ ಮಾಸ್ಕಿಗೂ ಕೆಲಸವಿಲ್ಲ. ಪ್ಲೇಟ್ ಹಂಚಿಕೊಂಡಿರೋ ಇಲ್ಲವೋ ಎಂಬುದು ಇದರ ಮುಂದೆ ಸಣ್ಣ ವಿಷಯ.

ಹಾಗಾಗಿ ನಿಮ್ಮ ಆ ಕ್ಯಾಬಿನ್ ಇಡೀ ಬಾರಿನಲ್ಲೇ ಕೆಟ್ಟ ಜಾಗ. ಮೂರು ಕಡೆ ಪ್ಲೈವುಡ್, ಮುಂದೆ ಪರದೆ, ತಲೆ ಮೇಲೆ ಫ್ಯಾನು. ಫ್ಯಾನು ಹೊಸ ಗಾಳಿ ತರುವುದಿಲ್ಲ, ಇದ್ದುದನ್ನೇ ತಿರುಗಿಸುತ್ತದೆ. ಗೋಡೆಗೆ ಹಾಕಿದ ಸ್ಪ್ಲಿಟ್ ಏಸಿಯೂ ಅಷ್ಟೆ, ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ ಬಿಡುತ್ತದೆ. ಹೋದ ತಕ್ಷಣ ಆರ್ಡರ್ ಕೊಡಬೇಡಿ, ಎರಡು ನಿಮಿಷ ನಿಂತು ಮೂಸಿ ನೋಡಿ. ಪಕ್ಕದವರು ಸೇದಿ ಹೋದ ಸಿಗರೇಟಿನ ವಾಸನೆ, ಒಳಗಿನ ಬಾಣಲೆಯ ಒಗ್ಗರಣೆಯ ಘಾಟು ಅಲ್ಲೇ ನಿಂತಿದೆಯಾದರೆ ಉಸಿರೂ ಅಲ್ಲೇ ನಿಂತಿದೆ ಎಂದರ್ಥ. ಕಿಟಕಿ ಗಾಜಿಗೆ ಆವಿ ಕಟ್ಟಿದ್ದರೆ ಒಳಗೆ ಹೋಗುವುದೇ ಬೇಡ. ನಿಮ್ಮ ಬಳಗದಲ್ಲಿ ಯಾರಾದರೂ ಉಸಿರಿನಿಂದ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ಇಟ್ಟುಕೊಂಡಿದ್ದರೆ ಇನ್ನೂ ಸುಲಭ. ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಪಾಲು) ಆಸುಪಾಸು ತೋರಿಸುತ್ತದೆ. ಕೂತ ಜಾಗದಲ್ಲಿ 800ರೊಳಗಿದ್ದರೆ ಗಾಳಿ ಚೆನ್ನಾಗಿದೆ. 1,500 ದಾಟಿತೆಂದರೆ ಬಿಲ್ ತರಿಸಿ. ಸಂಖ್ಯೆ ಕಡಿಮೆ ಬಂದರೆ ಅಪಾಯವೇ ಇಲ್ಲ ಅಂತಲ್ಲ. ಎದುರಿಗೆ ಒಂದು ಮೊಳ ದೂರದಲ್ಲಿ ಕೂತವನ ಉಸಿರು ಮೀಟರಿಗೆ ಮುಟ್ಟುವ ಮುಂಚೆ ನಿಮ್ಮನ್ನು ಮುಟ್ಟುತ್ತದೆ.

ಕೂರಬೇಕಾದದ್ದು ಹೊರಗೆ: ಮೂರು ಕಡೆಯಾದರೂ ತೆರೆದ ಶೀಟಿನ ಚಪ್ಪರ, ಇಲ್ಲವೇ ಹಿತ್ತಲ ಅಂಗಳ. ಸುತ್ತ ಪ್ಲಾಸ್ಟಿಕ್ ಪರದೆ ಇಳಿಬಿಟ್ಟ ‘ಗಾರ್ಡನ್’ ಹೊರಗಿನ ಲೆಕ್ಕಕ್ಕೆ ಬರುವುದಿಲ್ಲ. ಕೊಡಗಿನಲ್ಲಿ ಇದಕ್ಕೆ ಫೆಬ್ರವರಿ, ಮಾರ್ಚ್‌ಗಿಂತ ಒಳ್ಳೆಯ ಕಾಲ ಇಲ್ಲ. ಮಳೆ ಕಡಿಮೆ, ಸಂಜೆ ಒಂದು ಸ್ವೆಟರ್ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಸಲಹೆ ನಡೆಯುವುದಿಲ್ಲ. ಆಗ ಚಳಿಗೂ ಇರಚಲಿಗೂ ಎಲ್ಲ ಕಿಟಕಿ ಮುಚ್ಚಿರುತ್ತಾರೆ, ಮಳೆಗೆ ಸಿಕ್ಕಿದವರೆಲ್ಲ ಒಳಗೇ ಇರುತ್ತಾರೆ. ಈಗ ಹೋಗಿ ಬಂದು ಅಭ್ಯಾಸವಾಯಿತು ಎಂದು ಮಳೆಗಾಲದಲ್ಲೂ ಮುಂದುವರಿಸಬೇಡಿ.

ಶನಿವಾರ ಯಾಕೆ ಬೇಡ ಎಂದು ನಿಮಗೇ ಗೊತ್ತು. ವಾರದ ಕೊನೆಗೆ ಬೆಂಗಳೂರು ಗಾಡಿಗಳೆಲ್ಲ ಘಟ್ಟ ಹತ್ತಿರುತ್ತವೆ. ಸಂತೆಯ ದಿನ, ಬಟವಾಡೆಯ ದಿನವೂ ಬೇಡ. ವಾರದ ನಡುವೆ ಸಂಜೆ 5ಕ್ಕೆ ಹೋಗಿ 6.30ಕ್ಕೆ ಏಳಿ. ಜನ ತುಂಬುವುದು ಕತ್ತಲಾದ ಮೇಲೆ. ರೋಬಸ್ಟಾ ಕೊಯ್ಲಿನ ಸಮಯದಲ್ಲಿ 5 ಗಂಟೆಗೆ ತೋಟ ಬಿಟ್ಟು ಬರುವುದು ಹೇಗೆ ಅಂತೀರಾ? ಹಾಗಾದರೆ ಕಣದ ಕೆಲಸ ಮುಗಿದ ಮೇಲೇ ಹೋಗಿ, ಬಾರು ಎಲ್ಲಿಗೂ ಓಡಿ ಹೋಗುವುದಿಲ್ಲ.

ಕುಡಿತದ ಲೆಕ್ಕ. 60 ಎಂಎಲ್‌ನ ಒಂದು ಲಾರ್ಜ್‌ನಲ್ಲಿ, ನಮ್ಮಲ್ಲಿ ಸಿಗುವ 42.8% ವಿಸ್ಕಿ, ಬ್ರಾಂದಿ, ರಮ್ಮಿನ ಪ್ರಕಾರ, ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್. 650 ಎಂಎಲ್ ಸ್ಟ್ರಾಂಗ್ ಬಿಯರ್ 8% ಇದ್ದರೆ 41 ಗ್ರಾಂ. ‘ಬಿಯರ್ ತಾನೆ’ ಎಂದು ಒಂದು ಬಾಟಲಿ ಎತ್ತಿದವನು ಎರಡು ಲಾರ್ಜ್ ಕುಡಿದಂತೆ. ಒಂದು ಲಾರ್ಜ್ ಇಳಿಯಲು ಲಿವರ್‌ಗೆ ಎರಡರಿಂದ ಮೂರು ಗಂಟೆ ಬೇಕು. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. 70 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದು ಲಾರ್ಜ್ ಹಾಕಿದರೆ ಅದನ್ನು ದಾಟಬಹುದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಪೊಲೀಸರು ಸಿಗದಿದ್ದರೂ ತಿತಿಮತಿ ಕಡೆ, ಸಿದ್ದಾಪುರ ಕಡೆ ಕತ್ತಲಲ್ಲಿ ಆನೆ ಸಿಗುತ್ತದೆ. ಹೋಗುವ ಮುಂಚೆಯೇ ವಾಪಸ್ ಬರುವ ಆಟೋದವರಿಗೆ ಹೇಳಿಡಿ, ಕುಡಿದ ಮೇಲೆ ಹುಡುಕಬೇಡಿ. ಇನ್ನೊಂದು, ಶೀತ ಗಂಟಲಿಗೆ ಬ್ರಾಂದಿ ಒಳ್ಳೆಯದು, ವೈರಸ್ಸೂ ಸಾಯುತ್ತದೆ ಎಂದು ಸ್ನೇಹಿತರು ಹೇಳಿದರೆ ನಕ್ಕು ಸುಮ್ಮನಾಗಿ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೇ ಕನಿಷ್ಠ 60% ಆಲ್ಕೋಹಾಲ್ ಬೇಕು. ಹೊಟ್ಟೆಗೆ ಇಳಿದ 42.8% ಶ್ವಾಸಕೋಶದ ಸೋಂಕಿಗೆ ಏನೂ ಮಾಡುವುದಿಲ್ಲ.

ಬಂದ ಮೇಲೆ ಅವ್ವನ ವಿಷಯ. ಎರಡು ಡೋಸ್ ಆದವರಿಗೆ ಕೊರೊನಾದ ಹೊಸ ತಳಿ ಒಮಿಕ್ರಾನ್ ಬರುವುದಿಲ್ಲ ಅಂತಿಲ್ಲ. ಬಂದರೂ ಜೋರಾಗುವುದನ್ನು ಲಸಿಕೆ ಬಹಳ ಮಟ್ಟಿಗೆ ತಡೆಯುತ್ತದೆ. ನಿಮಗೆ ಬರೀ ಗಂಟಲು ಕೆರೆತವಾಗಿ ಹೋಗುವುದು ಅವರಿಗೆ ಆಸ್ಪತ್ರೆಯ ದಾರಿಯಾಗಬಹುದು, ಮೈಸೂರಿನ ದೊಡ್ಡ ಆಸ್ಪತ್ರೆ ನಿಮ್ಮ ಮನೆಯಿಂದ ಪಕ್ಕದ ಬೀದಿಯಲ್ಲಿಲ್ಲ. ಒಮಿಕ್ರಾನ್‌ನಲ್ಲಿ ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರು ದಿನ ಹಿಡಿಯುತ್ತದೆ, ಲಕ್ಷಣ ಕಾಣುವ ಮುಂಚೆಯೇ ಹರಡಲು ಶುರುವಾಗುತ್ತದೆ. ಆದ್ದರಿಂದ ಹೋಗಿ ಬಂದ ಮರುದಿನದಿಂದ ಐದು ದಿನ ಅವ್ವನ ಕೋಣೆಗೆ ಹೋಗುವಾಗ ಎನ್-95 ಮಾಸ್ಕ್ ಹಾಕಿ, ಊಟ ಬೇರೆ ಹೊತ್ತಿಗೆ ಮಾಡಿ, ಮಾತುಕತೆ ಜಗಲಿಯಲ್ಲಿ ಆಗಲಿ. ಮೂರನೇ ದಿನ ಒಂದು, ಐದನೇ ದಿನ ಒಂದು ಮನೆಯಲ್ಲೇ ಮಾಡುವ ಆಂಟಿಜೆನ್ ಪರೀಕ್ಷೆ ಮಾಡಿಕೊಳ್ಳಿ. ಅದಕ್ಕೆ ಕೋವಿಸೆಲ್ಫ್‌ನಂಥ ಕಿಟ್ ಔಷಧದ ಅಂಗಡಿಯಲ್ಲಿ ಕೇಳಿ. ಕಡ್ಡಿಯನ್ನು ಮೂಗಿನೊಳಗೆ 2ರಿಂದ 4 ಸೆಂಟಿಮೀಟರ್ ಬಿಟ್ಟು, ಒಂದೊಂದು ಹೊಳ್ಳೆಯಲ್ಲೂ ಐದು ಸುತ್ತು ತಿರುಗಿಸಬೇಕು. ಜನ ತಪ್ಪುವುದು ಇಲ್ಲೇ, ತುದಿಯಲ್ಲಿ ತಾಗಿಸಿ ತೆಗೆದುಬಿಡುತ್ತಾರೆ. ಫಲಿತಾಂಶ 15 ನಿಮಿಷಕ್ಕೆ ನೋಡಬೇಕು, 20 ನಿಮಿಷ ಕಳೆದ ಮೇಲೆ ಮೂಡಿದ ಗೆರೆಗೆ ಬೆಲೆಯಿಲ್ಲ. ಹೋಗಿ ಬಂದ ರಾತ್ರಿಯೇ ಪರೀಕ್ಷೆ ಮಾಡಿ ನೆಗೆಟಿವ್ ಎಂದು ಸಮಾಧಾನಪಡುವುದು ದುಡ್ಡು ದಂಡ. ಲಕ್ಷಣವಿದ್ದೂ ನೆಗೆಟಿವ್ ಬಂದರೆ ಲ್ಯಾಬಿನಲ್ಲಿ ಆರ್‌ಟಿಪಿಸಿಆರ್ ಪರೀಕ್ಷೆ ಮಾಡಿಸಿ.

ಈಗ ನೀವೇ ದಿನ ಎಣಿಸಿ. ಒಂದು ಸಲ ಹೋದರೆ ಐದು ದಿನ ಜಾಗ್ರತೆ. ವಾರ ವಾರ ಹೋದರೆ ಅವ್ವನ ಜೊತೆ ನಿರಾಳವಾಗಿ ಕೂತು ಉಣ್ಣಲು ವಾರಕ್ಕೆ ಪೂರ್ತಿ ಒಂದು ದಿನವಷ್ಟೇ ಸಿಗುತ್ತದೆ. ಮೂರು ವಾರಕ್ಕೊಮ್ಮೆ ಸಾಕು. ಹೆಂಡತಿಯ ಮುಂದೆಯೂ ಇದೇ ಲೆಕ್ಕ ಇಡಿ. ‘ಏನೂ ಆಗಲ್ಲ, ನೀನು ಸುಮ್ಮನಿರು’ ಅಂದರೆ ಅವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಮನೆಗೆ ಸೋಂಕು ಬಂದರೆ ಅವ್ವನ ಆರೈಕೆ ಯಾರ ತಲೆ ಮೇಲೆ ಬೀಳುತ್ತದೆ ಎಂದು ಅವರಿಗೆ ಗೊತ್ತು. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಮನೆಯಲ್ಲಿರಲಿ. ಅವ್ವನ ಬೆರಳು ಬೆಚ್ಚಗಿರುವಾಗ ನೋಡಿ, ಬೆಳಗಿನ ಚಳಿಗೆ ತಣ್ಣಗಾದ ಬೆರಳು ತಪ್ಪು ಲೆಕ್ಕ ಕೊಡುತ್ತದೆ. ಅವರು ಚೆನ್ನಾಗಿರುವಾಗ ಎಷ್ಟು ಬರುತ್ತದೆ ಎಂದು ಈಗಲೇ ಬರೆದಿಡಿ. ಜ್ವರ ಬಂದಾಗ ಒಂದು ಗಂಟೆಯೊಳಗೆ ಮೂರು ಸಲ 93 ಅಥವಾ ಅದಕ್ಕಿಂತ ಕಡಿಮೆ ಬಂದರೆ, ಇಲ್ಲವೇ ಉಸಿರು ಕಟ್ಟಿದಂತಾದರೆ, ಬೆಳಗಾಗಲಿ ಎಂದು ಕಾಯಬೇಡಿ.

ಇನ್ನು ಆ ಕ್ವಾರ್ಟರ್. 180 ಎಂಎಲ್ ಎಂದರೆ ಸುಮಾರು 61 ಗ್ರಾಂ ಆಲ್ಕೋಹಾಲ್. ಒಂದೇ ಸಲಕ್ಕೆ 60 ಗ್ರಾಂ ದಾಟಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿಯಾದ ಕುಡಿತದ ಲೆಕ್ಕಕ್ಕೆ ಹಾಕುತ್ತದೆ, ತಿಂಗಳಿಗೆ ಒಮ್ಮೆ ಆದರೂ ಸರಿ. ನಿಮ್ಮದು ದಿನಾ. ಹಿಂದೆ ಶನಿವಾರ ಸ್ನೇಹಿತರ ಜೊತೆ ಎರಡು ಲಾರ್ಜ್ ಹಾಕಿ ವಾರಪೂರ್ತಿ ಸುಮ್ಮನಿದ್ದಿರಾದರೆ ವಾರಕ್ಕೆ 40 ಗ್ರಾಂ ಆಗುತ್ತಿತ್ತು. ಈಗ 425 ಗ್ರಾಂ ದಾಟಿದೆ. ಬಾರಿನಲ್ಲಿ ಬಾಗಿಲು ಮುಚ್ಚುವ ಹೊತ್ತಿತ್ತು, ಬಿಲ್ ಇತ್ತು, ‘ಸಾಕು ಏಳೋ’ ಎನ್ನುವವನೊಬ್ಬ ಇದ್ದ. ಮನೆಯಲ್ಲಿ ಅದ್ಯಾವುದೂ ಇಲ್ಲ. ಕೊರೊನಾಕ್ಕೆ ಹೆದರಿ ಬಾರ್ ಬಿಟ್ಟವರು ನೀವು. ನಮ್ಮ ಅಭಿಪ್ರಾಯದಲ್ಲಿ, ಹೊರಗೆ ಕೂತು ಒಂದೂವರೆ ಗಂಟೆಯಲ್ಲಿ ಒಂದು ಲಾರ್ಜ್ ಮುಗಿಸಿ ಬರುವುದಕ್ಕಿಂತ ಈ ದಿನದ ಕ್ವಾರ್ಟರ್ ನಿಮಗೆ ಹೆಚ್ಚು ಅಪಾಯ.

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ, ವೈದ್ಯರೂ ಇವನ್ನೇ ಕೇಳುತ್ತಾರೆ. ಕಡಿಮೆ ಮಾಡಬೇಕು ಅಂತ ಅನಿಸಿದೆಯೇ? ಕುಡಿತದ ಬಗ್ಗೆ ಯಾರಾದರೂ ಆಡಿದರೆ ಸಿಟ್ಟು ಬರುತ್ತದೆಯೇ? ತಪ್ಪು ಮಾಡುತ್ತಿದ್ದೇನೆ ಅನಿಸುತ್ತದೆಯೇ? ಬೆಳಿಗ್ಗೆ ಎದ್ದ ಕೂಡಲೇ ಒಂದು ಗುಟುಕು ಬೇಕಾಗಿದೆಯೇ? ಎರಡಕ್ಕೆ ಹೌದು ಎಂದರೆ ವೈದ್ಯರನ್ನು ಕಾಣಿ. ಬೆಳಿಗ್ಗೆ ಕೈ ನಡುಗುವುದು, ಬೆವರುವುದು ಇದ್ದರೆ ನಾಳೆಯಿಂದಲೇ ಬಿಟ್ಟೆ ಎಂದು ಶಪಥ ಮಾಡಬೇಡಿ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಭ್ರಮೆ ಹಿಡಿಯಬಹುದು. ಔಷಧ ಕೊಟ್ಟು ಬಿಡಿಸಬೇಕಾದದ್ದು ಅದು. ಹಾಗೇನೂ ಇಲ್ಲದಿದ್ದರೆ ನಾಲ್ಕೈದು ದಿನಕ್ಕೊಮ್ಮೆ 30 ಎಂಎಲ್ ಇಳಿಸುತ್ತಾ ಬನ್ನಿ. ಕಣ್ಣಂದಾಜು ಬೇಡ, ಅಳತೆಯ ಪೆಗ್ ಲೋಟವಿರಲಿ. ಮನೆಯಲ್ಲಿ ಫುಲ್ ಬಾಟಲಿ ಇಡಬೇಡಿ. 90ಕ್ಕೆ ಇಳಿದ ಮೇಲೆ ನೈಂಟಿ ಪ್ಯಾಕೇ ತನ್ನಿ, ಅದು ಮುಗಿದರೆ ಮುಗಿಯಿತು. ಮನೆಯಲ್ಲೇ ಮಾಡಿದ ವೈನನ್ನೂ ಲೆಕ್ಕಕ್ಕೆ ಸೇರಿಸಿ, ಕೊಡಗಿನವರು ಅದನ್ನು ಕುಡಿತ ಅಂತಲೇ ಎಣಿಸುವುದಿಲ್ಲ. ಮಾತಾಡಲು ಯಾರಾದರೂ ಬೇಕೆನಿಸಿದರೆ ವ್ಯಸನ ಬಿಡಿಸುವ ಸಹಾಯವಾಣಿ 14446ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.

ಹೆದರಿಕೆಯೋ, ಮನಸ್ಸಿಲ್ಲವೋ ಎಂದು ಕೇಳಿದ್ದೀರಿ. ಮೂರನೆಯದೂ ಒಂದಿರಬಹುದು. ಆ ಕ್ಯಾಬಿನ್‌ನಲ್ಲಿ ಐದನೇ ಕುರ್ಚಿ ಖಾಲಿ. ಕಳೆದ ಮೇನಲ್ಲಿ ಶವಸಂಸ್ಕಾರಕ್ಕೆ ಐದು ಜನಕ್ಕಷ್ಟೇ ಅನುಮತಿ ಇತ್ತು. ನಿಮ್ಮ ನಾಲ್ವರಲ್ಲಿ ಎಷ್ಟು ಮಂದಿಗೆ ಅವನ ಮುಖ ನೋಡಲು ಸಿಕ್ಕಿತೋ ಏನೋ. ಬಾರಿಗೆ ಹೋಗುವ ಮುಂಚೆ ನಾಲ್ವರೂ ಸೇರಿ ಒಂದು ಮಧ್ಯಾಹ್ನ ಅವನ ಮನೆಗೆ ಹೋಗಿ ಬನ್ನಿ, ಅಂಗಳದಲ್ಲಿ ಕೂತು ಒಂದು ಲೋಟ ಕಾಫಿ ಕುಡಿದು ಬನ್ನಿ. ಈ ಸಲದ ಕಾಫಿ ಕೊಯ್ಲಿಗೆ ಆ ಮನೆಗೆ ಆಳು ಸಿಕ್ಕಿದ್ದಾರೆಯೇ, ಬ್ಯಾಂಕಿನ ಕಾಗದ ಪತ್ರ ಆಗಿದೆಯೇ ಎಂದು ವಿಚಾರಿಸಿ. ಆಮೇಲೂ ಬಾರು ಬೇಡ ಅನಿಸಿದರೆ ಬೇಡವೇ. ನಿಮ್ಮ ಕಣದ ಬದಿಯಲ್ಲಿ ಬೆಂಕಿ ಹಾಕಿಕೊಂಡು ನಾಲ್ವರೂ ಕೂರಬಹುದು. ಗಾಳಿಗೆ ಅದಕ್ಕಿಂತ ಒಳ್ಳೆಯ ಜಾಗ ಪೇಟೆಯಲ್ಲಿ ಸಿಗುವುದಿಲ್ಲ, ಅವ್ವನ ಕೋಣೆಯಿಂದಲೂ ದೂರ.

ಫೋನು ಬಂದಾಗ ನೆಪ ಹೇಳಬೇಡಿ. ‘ಹೆದರಿಕೆ ಅಲ್ಲ ಮಾರಾಯ, ಅವ್ವನಿಗೆ ಮೂರನೇ ಡೋಸ್ ಆಗ್ಲಿ, ಆಮೇಲೆ ಹೊರಗೆ ಕೂರುವಲ್ಲಿಗೆ ಬರ್ತೇನೆ’ ಎಂದರೆ ಸಾಕು. ಯಾರಿಗಾದರೂ ಶೀತವೋ ಕೆಮ್ಮೋ ಇದ್ದರೆ ಅವತ್ತು ಬರಬಾರದು ಎಂಬ ಕಟ್ಟಳೆಯನ್ನು ನಾಲ್ವರೂ ಒಪ್ಪಬೇಕು. ಒಪ್ಪದವನ ಜೊತೆ ಕೂರಬೇಡಿ.

ಆ ಮೂರನೇ ಡೋಸಿಗೆ, ಅಂದರೆ ಮುನ್ನೆಚ್ಚರಿಕೆ ಡೋಸಿಗೆ, 2022ರ ಫೆಬ್ರವರಿಯ ನಿಯಮದಂತೆ ಎರಡನೆಯದು ಆಗಿ 39 ವಾರ ಕಳೆದಿರಬೇಕು. ಮೇ 12ರಿಂದ ಎಣಿಸಿದರೆ ಇದೇ 2022ರ ಫೆಬ್ರವರಿ 9, ಬುಧವಾರ. ಅದೇ ನಿಯಮದಂತೆ 60 ದಾಟಿದ, ಉಬ್ಬಸದಂಥ ಕಾಯಿಲೆ ಇರುವವರಿಗೆ ಇದು ಸಿಗುತ್ತದೆ, ಅದಕ್ಕೆ ವೈದ್ಯರ ಸರ್ಟಿಫಿಕೇಟ್ ಕೇಳುವುದಿಲ್ಲ. ಆ ನಿಯಮದಲ್ಲಿ ಮೊದಲೆರಡು ಯಾವ ಲಸಿಕೆಯೋ ಮೂರನೆಯದೂ ಅದೇ. ಹಿಂದೆ ಲಸಿಕೆಗೆ ಹೆಸರು ಬರೆಸುವ ಕೋವಿನ್ ತಾಣದಲ್ಲಿ ಕೊಟ್ಟ ಮೊಬೈಲ್ ನಂಬರಿನ ಫೋನನ್ನೇ ಜೊತೆಗೆ ಒಯ್ಯಿರಿ. ಅದಾಗಿ ಎರಡು ವಾರ ಬಿಟ್ಟು, ಫೆಬ್ರವರಿ 23ರ ನಂತರ, ನಿಮ್ಮ ಮೊದಲ ಸಂಜೆ ಇಟ್ಟುಕೊಳ್ಳಿ.