ಮನೆಯ ದಿನಚರಿ ಬದಲಾದಾಗ ನಾಯಿಯನ್ನು ಒಗ್ಗಿಸುವುದು ಹೇಗೆ?

ಮನೆಯಿಂದಲೇ ಕೆಲಸ ಮಾಡುತ್ತಿದ್ದವರು ಆಫೀಸಿಗೆ ಹೋಗತೊಡಗಿದರೆ ನಾಯಿ ಕಂಗಾಲಾಗದಂತೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಆ ದಿನ ಬರುವವರೆಗೆ ಕಾಯಬೇಡಿ, ಈಗಲೇ ಶುರು ಮಾಡಿ.

ಮುಂದೇನಾಗುತ್ತದೆಂದು ಊಹಿಸಲು ಸಾಧ್ಯವಾದರೆ ನಾಯಿಗೆ ನೆಮ್ಮದಿ. ಹಾಗಾಗಿ ಊಟ, ವಾಕಿಂಗ್ ಹೊತ್ತನ್ನು ದಿನಕ್ಕೆ 10–15 ನಿಮಿಷದಂತೆ ಹೊಸ ವೇಳೆಗೆ ಸರಿಸುತ್ತಾ ಬನ್ನಿ. ವಾಕಿಂಗ್‌ನಲ್ಲಿ ಎಳೆದುಕೊಂಡು ಹೋಗದೆ ಮನಸಾರೆ ಮೂಸಲು ಬಿಡಿ. ಮೂಸುವುದೂ ಅದಕ್ಕೆ ಒಳ್ಳೆಯ ಕೆಲಸವೇ.

ನಿಜವಾದ ಕಷ್ಟ ಒಂಟಿಯಾಗಿರುವುದು. ಬೀಗದ ಕೈ ಸದ್ದು, ನೀವು ಚಪ್ಪಲಿ ಮೆಟ್ಟುವುದು, ಇವಿಷ್ಟರಿಂದಲೇ ನೀವು ಹೊರಟಿರೆಂದು ಅದಕ್ಕೆ ತಿಳಿದುಬಿಡುತ್ತದೆ. ಆಗಾಗ ಬೀಗದ ಕೈ ಹಿಡಿದು ಸುಮ್ಮನೆ ಕುಳಿತುಬಿಡಿ, ಆ ಸದ್ದಿನ ಭಯ ಕರಗಲಿ. ಆಮೇಲೆ ಕೆಲವೇ ಸೆಕೆಂಡು ಹೊರಗೆ ಹೋಗಿ ಬನ್ನಿ, ಮುಂದೆ ಒಂದು ನಿಮಿಷ, ಐದು ನಿಮಿಷ. ಅದು ಗಾಬರಿಯಾಗುವ ಮುಂಚೆಯೇ ಒಳಗೆ ಬರಬೇಕು, ಇದು ಬಹಳ ಮುಖ್ಯ. ನೀವಿಲ್ಲದಾಗ ಏನು ಮಾಡುತ್ತದೆಂದು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ನೋಡಿ. ಎಷ್ಟೋ ನಾಯಿಗಳು ಸದ್ದಿಲ್ಲದೆ ಅತ್ತಿಂದಿತ್ತ ತಿರುಗುತ್ತಾ ಸಂಕಟಪಡುತ್ತವೆ.

ಬಾಗಿಲು ಕೆರೆದಿದ್ದರೆ, ಒಳಗೆ ಮೂತ್ರ ಮಾಡಿದ್ದರೆ ದಯವಿಟ್ಟು ಬೈಯಬೇಡಿ. ಅದು ಹಠವಲ್ಲ, ಭಯ. ಬೈದರೆ ಇನ್ನಷ್ಟು ಹೆಚ್ಚುತ್ತದೆ. ಜೊತೆಗಿರಲಿ ಎಂದು ಇನ್ನೊಂದು ನಾಯಿ ತರುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ನಾಯಿ ಹಂಬಲಿಸುವುದು ಮನುಷ್ಯರಿಗಾಗಿ.

ಊಟ ಬಿಟ್ಟರೆ, ವಿಪರೀತ ಜೊಲ್ಲು ಸುರಿಸಿದರೆ, ತನ್ನ ಕಾಲನ್ನೇ ನೆಕ್ಕಿ ಗಾಯ ಮಾಡಿಕೊಂಡರೆ ಪಶುವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಕಾರಣ ಬೇರೆ ಕಾಯಿಲೆಯೂ ಆಗಿರಬಹುದು.